ಲಲಿತಮಹಲ್: ಕೆಡವುವವರಿಗಿಂತ ಸೇರಿಸುವವರದೇ ಭಯ

ಮೈಸೂರಿನ ಲಲಿತಮಹಲ್ ಅರಮನೆಗೆ ಶಂಕುಸ್ಥಾಪನೆಯಾದದ್ದು 1921ರ ನವೆಂಬರ್ 18ರಂದು. ಅದಕ್ಕೆ ನೂರು ತುಂಬಿದ ವರ್ಷವೇ, ಅಂದರೆ 2021ರ ಏಪ್ರಿಲ್‌ನಲ್ಲಿ, ಅರಮನೆಯ ಸಮೀಪದ ಹೆಲಿಪ್ಯಾಡ್ ಆವರಣದಲ್ಲಿ ಹೆಲಿ ಟೂರಿಸಂ ಯೋಜನೆಗಾಗಿ ನೂರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವ ಹೊರಬಿತ್ತು. ಅರಣ್ಯ ಇಲಾಖೆ ಸಾರ್ವಜನಿಕರ ಆಕ್ಷೇಪಣೆ ಕೇಳಿದಾಗ ಪತ್ರ ಮತ್ತು ಇ-ಮೇಲ್‌ಗಳ ಮಹಾಪೂರವೇ ಹರಿದುಬಂತು. ಪರಿಸರವಾದಿಗಳು, ಪರಂಪರೆ ತಜ್ಞರು, ಸಾಮಾನ್ಯ ನಾಗರಿಕರು ಒಂದೇ ದನಿಯಲ್ಲಿ ಬೇಡವೆಂದರು. ವಿರೋಧ ತೀವ್ರಗೊಂಡ ಬಳಿಕ ಸರ್ಕಾರ ಹಿಂದೆ ಸರಿಯಿತು. ಮರಗಳು ಉಳಿದವು.

ಮೈಸೂರಿಗರು ಇದನ್ನು ಗೆಲುವೆಂದೇ ಭಾವಿಸಿದರು. ಅದು ಗೆಲುವೇ ಹೌದು. ಆದರೆ ಆ ಪ್ರಕರಣ ಬಯಲು ಮಾಡಿದ ಸತ್ಯ ಮಾತ್ರ ನೆಮ್ಮದಿ ತರುವಂಥದ್ದಲ್ಲ. ಯೋಜನೆಯನ್ನು ತಡೆದದ್ದು ಜನರ ಆಕ್ರೋಶವೇ ಹೊರತು ಯಾವುದೇ ನಿಯಮವಲ್ಲ. ಆಕ್ಷೇಪಣೆ ಕೇಳಿದ್ದೂ ಮರಗಳ ಸಲುವಾಗಿಯೇ ವಿನಾ ಅರಮನೆಯ ಸಲುವಾಗಿ ಅಲ್ಲ. ಆ ಜಾಗದಲ್ಲಿ ಮರಗಳೇ ಇಲ್ಲದಿದ್ದರೆ? ಬಯಲು ನೆಲದ ಮೇಲೆ ಒಂದು ಕಟ್ಟಡ ಎದ್ದು ನಿಂತಿದ್ದರೆ ಕೇಳುವವರು ಯಾರು? ಪಾರಂಪರಿಕ ಹೋಟೆಲ್‌ಗಳ ಭವಿಷ್ಯವನ್ನು ಚಿಂತಿಸುವ ಎಲ್ಲರೂ ಉತ್ತರ ಹುಡುಕಬೇಕಾದ ಪ್ರಶ್ನೆಯಿದು.

ದೃಶ್ಯಕ್ಕಾಗಿ ಕಟ್ಟಿದ ಅರಮನೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ವೈಸರಾಯ್ ಅವರ ವಾಸ್ತವ್ಯಕ್ಕೆಂದೇ ಕಟ್ಟಿಸಿದ ಅತಿಥಿಗೃಹ ಲಲಿತಮಹಲ್. ಮುಂಬಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯೂ. ಫ್ರಿಚ್ಲಿ ಅದರ ವಿನ್ಯಾಸಕಾರ. ಆಗಿನ ಕಾಲಕ್ಕೆ ಸುಮಾರು 13 ಲಕ್ಷ ರೂಪಾಯಿ ವೆಚ್ಚವಾಯಿತೆಂದು ಹೇಳಲಾಗುತ್ತದೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ಗುಮ್ಮಟವನ್ನು ನೆನಪಿಸುವ ನಡುಗುಮ್ಮಟ, ಎರಡೂ ಕಡೆಗೆ ಸಮನಾಗಿ ಚಾಚಿಕೊಂಡ ಎರಡಂತಸ್ತಿನ ಬಿಳಿಯ ತೋಳುಗಳು, ಮುಂಭಾಗದಲ್ಲಿ ಸಾಲುಗಂಬಗಳು, ಒಳಗೆ ಅಮೃತಶಿಲೆಯ ಮೆಟ್ಟಿಲುಗಳು, ನೃತ್ಯಕ್ಕೆಂದೇ ರೂಪಿಸಿದ ವಿಶಾಲ ಹಜಾರ: ಇವು ಅದರ ಮುಖ್ಯ ಲಕ್ಷಣಗಳು.

ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ಲಕ್ಷಣವುಂಟು. ಈ ಕಟ್ಟಡ ಚಾಮುಂಡಿ ಬೆಟ್ಟದ ಹಿನ್ನೆಲೆಯಲ್ಲಿ, ಊರಿನಿಂದ ಸ್ವಲ್ಪ ದೂರವಾಗಿ, ಎತ್ತರದ ನೆಲದ ಮೇಲೆ ಒಂಟಿಯಾಗಿ ನಿಲ್ಲಬೇಕೆಂದೇ ಯೋಜಿಸಿದ್ದು. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆ ಪ್ರತ್ಯೇಕ ಟ್ರಸ್ಟ್ ಬೋರ್ಡ್ ಹೊಂದಿದ್ದ ಊರು ಮೈಸೂರು. ರಸ್ತೆಯ ತುದಿಯಲ್ಲಿ ಏನು ಕಾಣಬೇಕು, ವೃತ್ತದ ನಡುವೆ ಏನಿರಬೇಕು ಎಂಬುದನ್ನು ಲೆಕ್ಕ ಹಾಕಿಯೇ ಆ ಕಾಲದಲ್ಲಿ ನಗರವನ್ನು ಬೆಳೆಸಲಾಯಿತು. ದೂರದಿಂದ ಬರುವವರ ಕಣ್ಣಿಗೆ ಮೊದಲು ಬೆಟ್ಟ, ಅದರ ಬುಡದಲ್ಲಿ ಬಿಳಿಯ ಗುಮ್ಮಟ ಕಾಣಬೇಕೆಂಬುದು ಆ ಲೆಕ್ಕಾಚಾರದ ಭಾಗ. ಆದ್ದರಿಂದ ಲಲಿತಮಹಲ್‌ನ ಸುತ್ತಲಿನ ಖಾಲಿ ಜಾಗ ಖಾಲಿ ಜಾಗವಲ್ಲ. ಗೋಡೆ, ಗುಮ್ಮಟಗಳಷ್ಟೇ ಅದು ಕೂಡ ಅರಮನೆಯ ಅಂಗ.

1974ರಲ್ಲಿ ಅರಮನೆ ಹೋಟೆಲ್ ಆಯಿತು. ಕೇಂದ್ರ ಸರ್ಕಾರದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ತನ್ನ ಅಶೋಕ ಸಮೂಹದ ಅಡಿಯಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿತು. ಆ ಅವಧಿಯಲ್ಲಿ ಕೋಣೆಗಳ ಕೊರತೆ ನೀಗಲು ಹೊಸ ವಿಭಾಗವೊಂದು ಸೇರಿತು. ನೃತ್ಯದ ಹಜಾರ ಭೋಜನಶಾಲೆಯಾಯಿತು. ಆದರೂ ಮುಂಭಾಗದ ನೋಟ ಕೆಡಲಿಲ್ಲ. ಹೋಟೆಲ್ ವ್ಯವಹಾರದಿಂದ ಹೊರಬರುವ ನೀತಿಯ ಅಂಗವಾಗಿ ಕೇಂದ್ರ ಸಂಪುಟ 2017ರಲ್ಲಿ ಇದನ್ನು ಕರ್ನಾಟಕಕ್ಕೆ ಹಸ್ತಾಂತರಿಸಲು ಒಪ್ಪಿತು. 2018ರಲ್ಲಿ ನಿರ್ವಹಣೆ ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಕೈಗೆ ಬಂತು. 1980ರಲ್ಲಿ ಹುಟ್ಟಿ, ಕಬಿನಿಯಂಥ ಕಾಡಿನಂಚಿನ ತಂಗುದಾಣಗಳಿಂದ ಹೆಸರು ಮಾಡಿದ ಸಂಸ್ಥೆಯದು. ಕಾಡಿನ ಕುಟೀರವನ್ನು ನೋಡಿಕೊಳ್ಳುವ ಬಗೆ ಬೇರೆ, ಗಾರೆಯ ಅರಮನೆಯನ್ನು ನೋಡಿಕೊಳ್ಳುವ ಬಗೆ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಗೆಡುವುದು ಹೇಗೆ?

ಹಳೆಯ ಹೋಟೆಲ್‌ಗಳನ್ನು ರಾತ್ರೋರಾತ್ರಿ ಕೆಡವಿದ ಉದಾಹರಣೆಗಳಿವೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಕಣ್ಮರೆಯಾಗಿ ಆ ಜಾಗದಲ್ಲಿ ಮಾಲ್ ತಲೆಯೆತ್ತಿದ್ದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಆದರೆ ಸರ್ಕಾರದ ಒಡೆತನದಲ್ಲಿರುವ, ಹೆಸರಾಂತ ಕಟ್ಟಡವನ್ನು ಹಾಗೆ ಕೆಡವಲು ಯಾರೂ ಮುಂದಾಗುವುದಿಲ್ಲ. ಅದಕ್ಕಿರುವ ಅಪಾಯ ಬೇರೆ ರೂಪದ್ದು. ಅದು ಕಂತು ಕಂತಾಗಿ ಬರುತ್ತದೆ.

ಮೊದಲಿಗೆ ಹವಾನಿಯಂತ್ರಣ ಯಂತ್ರಗಳ ಪೆಟ್ಟಿಗೆಗಳು ಹೊರಗೋಡೆಗೆ ಬಂದು ಕೂರುತ್ತವೆ. ನಂತರ ತಾರಸಿಯ ಮೇಲೆ ನೀರಿನ ಟ್ಯಾಂಕು. ಮರದ ಕಿಟಕಿ ಹಾಳಾಯಿತೆಂದು ಅಲ್ಯೂಮಿನಿಯಂ ಚೌಕಟ್ಟು. ಮದುವೆಗಳಿಂದ ಆದಾಯ ಬರುತ್ತದೆಂದು ಹುಲ್ಲುಹಾಸಿನ ಮೇಲೆ ತಗಡಿನ ಚಾವಣಿ. ಒಂದೆರಡು ವರ್ಷಗಳ ಬಳಿಕ ಅದೇ ಕಾಯಂ ಸಭಾಂಗಣ. ವಾಹನ ನಿಲ್ಲಿಸಲು ಉದ್ಯಾನದ ಒಂದು ಮೂಲೆಗೆ ಕಾಂಕ್ರೀಟು. ಕೊನೆಗೆ, ಇಷ್ಟು ಕೋಣೆಗಳಿಂದ ಲಾಭವಿಲ್ಲವೆಂದು ಪಕ್ಕದಲ್ಲಿ ನಾಲ್ಕೈದು ಅಂತಸ್ತಿನ ಹೊಸ ಕಟ್ಟಡ. ಪ್ರತಿಯೊಂದಕ್ಕೂ ಒಪ್ಪತಕ್ಕ ಕಾರಣವಿರುತ್ತದೆ. ಪ್ರತಿಯೊಂದೂ ಪ್ರತ್ಯೇಕ ಕಡತವಾಗಿ ಪ್ರತ್ಯೇಕ ಅಧಿಕಾರಿಯ ಮೇಜಿಗೆ ಹೋಗುತ್ತದೆ. ವಿದ್ಯುತ್ತಿನ ಕೆಲಸಕ್ಕೆ ಒಂದು ವಿಭಾಗ, ಕಟ್ಟಡದ ಕೆಲಸಕ್ಕೆ ಲೋಕೋಪಯೋಗಿ, ಮರಗಳಿಗೆ ಅರಣ್ಯ, ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ. ಇಡೀ ಕಟ್ಟಡ ಇಪ್ಪತ್ತು ವರ್ಷಗಳ ಬಳಿಕ ಹೇಗೆ ಕಾಣುತ್ತದೆ ಎಂದು ಕೇಳುವ ಹೊಣೆ ಯಾರಿಗೂ ಇಲ್ಲ.

ಇದು ಬರಿಯ ಅಂದಚೆಂದದ ಪ್ರಶ್ನೆಯೂ ಅಲ್ಲ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಅವು ತೇವವನ್ನು ಹೀರಿ ಹೊರಗೆ ಬಿಡುತ್ತವೆ. ಅವುಗಳ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆ ಪುಡಿಯಾಗುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಭಾರ ಹೊರುವ ಗೋಡೆಗಳ ಕಟ್ಟಡಕ್ಕೆ ಕಾಂಕ್ರೀಟ್ ಚೌಕಟ್ಟಿನ ಹೊಸ ಭಾಗವನ್ನು ಬೆಸೆದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಸಿದು ಕೂಡುಸ್ಥಳದಲ್ಲಿ ಬಿರುಕು ಬಿಡುತ್ತದೆ. ಬಿರುಕಿನಿಂದ ಮಳೆನೀರು ಇಳಿಯುತ್ತದೆ. ಹೊಂದಿಕೆಯಿಲ್ಲದ ಸೇರ್ಪಡೆ ಹಳೆಯ ಕಟ್ಟಡದ ನೋಟವನ್ನು ಕೆಡಿಸುವುದರ ಜೊತೆಗೆ ಅದರ ಆಯುಸ್ಸನ್ನೂ ಕಡಿಮೆ ಮಾಡುತ್ತದೆ.

ಇನ್ನೊಂದು ಮಗ್ಗುಲು

ಹಾಗೆಂದು ಹೋಟೆಲ್ ನಡೆಸುವವರ ಕಷ್ಟವನ್ನು ತಳ್ಳಿಹಾಕುವಂತಿಲ್ಲ. ಅರಮನೆಯೊಂದರಲ್ಲಿ ಕೋಣೆಗಳು ಕಡಿಮೆ, ಹಜಾರಗಳು ಹೆಚ್ಚು. ಎತ್ತರದ ಚಾವಣಿಯ ಕೋಣೆಯನ್ನು ತಂಪಾಗಿಡಲು, ಬಣ್ಣ ಬಳಿಯಲು, ಸೋರಿಕೆ ತಡೆಯಲು ಆಗುವ ಖರ್ಚು ಸಾಮಾನ್ಯ ಹೋಟೆಲ್‌ಗಿಂತ ಹಲವು ಪಟ್ಟು. ಅತಿಥಿಗಳು ಮಾತ್ರ ಬಿಸಿನೀರು, ಲಿಫ್ಟು, ಅಂತರ್ಜಾಲ, ಈಜುಕೊಳ ಎಲ್ಲವನ್ನೂ ಕೇಳುತ್ತಾರೆ. ಅಗ್ನಿಶಾಮಕ ನಿಯಮಗಳನ್ನು ಪಾಲಿಸದೆ ವಿಧಿಯಿಲ್ಲ. ಬಳಕೆಯಲ್ಲಿಲ್ಲದ ಕಟ್ಟಡಕ್ಕಿಂತ ಬಳಕೆಯಲ್ಲಿರುವ ಕಟ್ಟಡವೇ ಹೆಚ್ಚು ಕಾಲ ಬಾಳುತ್ತದೆ ಎಂಬ ಅವರ ವಾದದಲ್ಲಿ ಹುರುಳಿದೆ.

ಏನನ್ನೂ ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಮೈಸೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಎರಡೂ ಪ್ರಕರಣಗಳಲ್ಲಿ ದುರಸ್ತಿ ಮಾಡಬೇಕೋ, ಕೆಡವಿ ಕಟ್ಟಬೇಕೋ ಎಂಬ ವಾದವಿವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲೇರಿತು. ಸಂರಕ್ಷಣೆ ಎಂದರೆ ಬೀಗ ಹಾಕುವುದಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಸೇರ್ಪಡೆ ಬೇಕೋ ಬೇಡವೋ ಎಂಬ ಚರ್ಚೆಯಿಂದ ಪ್ರಯೋಜನವಿಲ್ಲ. ಎಂಥ ಸೇರ್ಪಡೆ, ಎಲ್ಲಿ, ಎಷ್ಟು ಎತ್ತರ, ಯಾರ ಒಪ್ಪಿಗೆಯ ಮೇರೆಗೆ ಎಂಬುದೇ ಮುಖ್ಯ. ಈ ಪ್ರಶ್ನೆಯನ್ನು ಎದುರಿಸಿದ ಬೇರೆ ಊರುಗಳ ಅನುಭವ ಇಲ್ಲಿ ಉಪಯುಕ್ತ.

ಒಟ್ಟಾವ, ಮುಂಬಯಿ, ಸಿಂಗಪುರ

ಕೆನಡಾದ ರಾಜಧಾನಿ ಒಟ್ಟಾವದಲ್ಲಿ ಸಂಸತ್ ಭವನದ ನೆರೆಯಲ್ಲೇ ಇರುವ ಶಾಟೊ ಲೋರಿಯೆ ಹೋಟೆಲ್ ಆರಂಭವಾದದ್ದು 1912ರಲ್ಲಿ. ಕೋಟೆಯನ್ನು ಹೋಲುವ ಆ ಕಟ್ಟಡದ ಹಿಂಬದಿಗೆ ಹೊಸ ಭಾಗವೊಂದನ್ನು ಸೇರಿಸುವ ಯೋಜನೆಯನ್ನು ಮಾಲೀಕರು 2016ರಲ್ಲಿ ಮುಂದಿಟ್ಟರು. ಮೊಂಡಾದ ಪೆಟ್ಟಿಗೆಯಂತಿದ್ದ ವಿನ್ಯಾಸಗಳನ್ನು ಜನ ಕೋಣೆ ಬಿಸಿಮಾಡುವ ಯಂತ್ರಕ್ಕೆ ಹೋಲಿಸಿ ಗೇಲಿ ಮಾಡಿದರು. 2018ರಲ್ಲಿ ನಗರಸಭೆ ಷರತ್ತಿನ ಮೇಲೆ ಅನುಮತಿ ನೀಡಿತು. ಮರುವರ್ಷ ಅದನ್ನು ಹಿಂಪಡೆಯುವ ಪ್ರಯತ್ನ ಸಭೆಯಲ್ಲಿ ಸೋತಿತು. ಆದರೆ ಅದೇ 2019ರಲ್ಲಿ ನಿವೇಶನದ ಸಣ್ಣಪುಟ್ಟ ಸಡಿಲಿಕೆಗಳನ್ನು ಪರಿಶೀಲಿಸುವ ಸಮಿತಿಯು ಯೋಜನೆಯನ್ನು ತಿರಸ್ಕರಿಸಿತು. ಹೆರಿಟೇಜ್ ಒಟ್ಟಾವ ಎಂಬ ನಾಗರಿಕ ಸಂಸ್ಥೆ ಕಾನೂನು ಹೋರಾಟಕ್ಕಿಳಿಯಿತು. ಕೊನೆಗೆ 2020ರಲ್ಲಿ ಎರಡೂ ಕಡೆಯವರು ಕೂತು ಮಾತನಾಡಿ ಬೇರೊಂದು ವಿನ್ಯಾಸಕ್ಕೆ ಒಪ್ಪಿದರು. 2021ರಲ್ಲಿ ಅದಕ್ಕೆ ಅನುಮೋದನೆ ಸಿಕ್ಕಿತು. ಒಂದೇ ದಿಮ್ಮಿಯಂತಿದ್ದ ಹೊಸ ಭಾಗವನ್ನು ಎರಡಾಗಿ ಒಡೆದು, ನಡುವಿನ ಸಂದಿನಲ್ಲಿ ಹಳೆಯ ಹೋಟೆಲ್ ಪಕ್ಕದ ಉದ್ಯಾನಕ್ಕೆ ಕಾಣುವಂತೆ ಮಾಡಿದ್ದು ಅದರ ವಿಶೇಷ.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಎರಡು. ಮಾಲೀಕರಿಗೆ ಹೊಸ ಕೋಣೆಗಳಿಗೆ ಅನುಮತಿ ಕೊನೆಗೂ ದಕ್ಕಿತು. ಊರಿಗೆ ತನ್ನ ನೋಟವೂ ಉಳಿಯಿತು. ಆದರೆ ಇದಕ್ಕಾಗಿ ಐದು ವರ್ಷ ಬೇಕಾಯಿತು. ಮೊದಲೇ ನಿಯಮಗಳು ಸ್ಪಷ್ಟವಾಗಿದ್ದರೆ ಆ ಐದು ವರ್ಷದ ಜಗಳ, ಖರ್ಚು ಎರಡೂ ಕಡೆಯವರಿಗೆ ತಪ್ಪುತ್ತಿತ್ತು.

ಮುಂಬಯಿಯಲ್ಲಿ 1903ರ ತಾಜ್ ಮಹಲ್ ಹೋಟೆಲ್‌ನ ಪಕ್ಕದಲ್ಲಿ 1973ರಲ್ಲಿ ಎತ್ತರದ ಗೋಪುರ ಎದ್ದಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹೊಸ ಗೋಪುರದ ಆದಾಯದಿಂದ ಹಳೆಯದು ಉಳಿಯಿತೆನ್ನುವವರಿದ್ದಾರೆ. ಗೇಟ್‌ವೇ ಆಫ್ ಇಂಡಿಯಾದ ಪಕ್ಕದ ನೋಟವೇ ಬದಲಾಯಿತೆನ್ನುವವರೂ ಇದ್ದಾರೆ. ಆ ಗೋಪುರಕ್ಕೆ ಇಂದು ಅನುಮತಿ ಸಿಗುವುದು ಮಾತ್ರ ಸುಲಭವಲ್ಲ. ಏಕೆಂದರೆ 1995ರಲ್ಲಿ ಮುಂಬಯಿ ದೇಶದಲ್ಲೇ ಮೊದಲ ಬಾರಿಗೆ ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ, ಅವುಗಳಿಗೆ ದರ್ಜೆ ನೀಡಿ, ಬದಲಾವಣೆಗೆ ಪರಂಪರೆ ಸಮಿತಿಯ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. 2008ರ ಭಯೋತ್ಪಾದಕ ದಾಳಿಯಲ್ಲಿ ಜರ್ಜರಿತವಾದ ಹಳೆಯ ಭಾಗವನ್ನು ಅದರ ಮೂಲಸ್ವರೂಪಕ್ಕೆ ಧಕ್ಕೆ ಬಾರದಂತೆ ಜೀರ್ಣೋದ್ಧಾರ ಮಾಡಿ 2010ರ ಸ್ವಾತಂತ್ರ್ಯ ದಿನದಂದು ಮತ್ತೆ ತೆರೆಯಲಾಯಿತು.

ಸಿಂಗಪುರದ್ದು ಇನ್ನೂ ನೇರವಾದ ದಾರಿ. 1887ರಲ್ಲಿ ಆರಂಭವಾದ ರಾಫಲ್ಸ್ ಹೋಟೆಲನ್ನು ಅಲ್ಲಿನ ಸರ್ಕಾರ 1987ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ದೊಡ್ಡ ಪ್ರಮಾಣದ ನವೀಕರಣಕ್ಕಾಗಿ ಹೋಟೆಲ್ ಮುಚ್ಚಿದ್ದು ಅದರ ನಂತರ, 1989ರಲ್ಲಿ. ಬಾಗಿಲು ತೆರೆದದ್ದು 1991ರಲ್ಲಿ. ಮೊದಲು ರಕ್ಷಣೆ, ಆಮೇಲೆ ಬಂಡವಾಳ ಎಂಬ ಈ ಕ್ರಮವೇ ಅಲ್ಲಿನ ಯಶಸ್ಸಿನ ಗುಟ್ಟು.

ಉತ್ತಮ ಮಾದರಿ ಹುಡುಕಲು ಕಡಲು ದಾಟಬೇಕೆಂದೇನೂ ಇಲ್ಲ. ಮೈಸೂರಿನ ಚಿತ್ತರಂಜನ್ ಅರಮನೆ ರಾಜಕುಮಾರಿಯರಿಗೆಂದು ಕಟ್ಟಿಸಿದ್ದು. ನಂತರ ಪ್ರೀಮಿಯರ್ ಸ್ಟುಡಿಯೊದ ನಂಟು ಪಡೆದು, ಮುಂದೆ ಗ್ರೀನ್ ಹೋಟೆಲ್ ಎಂಬ ಹೆಸರಿನಲ್ಲಿ ಪ್ರವಾಸಿಗರಿಗೆ ತೆರೆದುಕೊಂಡಿತು. ಅರಮನೆಯೊಳಗೆ ಕೆಲವೇ ಕೋಣೆಗಳನ್ನು ಇಟ್ಟುಕೊಂಡು, ಉಳಿದವನ್ನು ಉದ್ಯಾನದ ಬದಿಯಲ್ಲಿ ಸರಳವಾದ, ತಗ್ಗಿನ ಕಟ್ಟಡದಲ್ಲಿ ಒದಗಿಸಲಾಯಿತು. ಹೊಸದು ಹಳೆಯದನ್ನು ಅನುಕರಿಸಲೂ ಇಲ್ಲ, ಮರೆಮಾಡಲೂ ಇಲ್ಲ. ನಾಲ್ವಡಿಯವರ ಕಾಲದಲ್ಲಿ ಯುರೋಪಿಯನ್ ಅತಿಥಿಗಳಿಗೆಂದು 1920ರಲ್ಲಿ ನಿರ್ಮಾಣಗೊಂಡ ಮೆಟ್ರೊಪೋಲ್ ಕೂಡ ಒಂದು ಕಾಲದಲ್ಲಿ ಬಾಗಿಲು ಮುಚ್ಚಿಕೊಂಡಿದ್ದು, ಬಳಿಕ ಜೀರ್ಣೋದ್ಧಾರಗೊಂಡು ಮತ್ತೆ ಹೋಟೆಲ್ ಆಗಿ ಬದುಕಿತು. ಹಳೆಯದನ್ನು ಉಳಿಸಿಕೊಂಡೇ ವ್ಯವಹಾರ ನಡೆಸಬಹುದೆಂಬುದಕ್ಕೆ ಇವು ಊರೊಳಗಿನ ಸಾಕ್ಷ್ಯಗಳು.

ಕಾನೂನು ಇದೆ, ಹಿಡಿತ ಇಲ್ಲ

ಹಾಗಿದ್ದರೆ ನಮ್ಮಲ್ಲಿ ನಿಯಮಗಳೇ ಇಲ್ಲವೇ? ಇವೆ. ಆದರೆ ಅವು ಯಾವುದೂ ಲಲಿತಮಹಲ್‌ನಂಥ ಕಟ್ಟಡಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ.

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಟ್ಟುನಿಟ್ಟಾದದ್ದು. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆದರೆ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳಿಗಷ್ಟೇ ಅದು ಅನ್ವಯ. ನಡೆಯುತ್ತಿರುವ ಹೋಟೆಲ್‌ಗಳು ಸಾಮಾನ್ಯವಾಗಿ ಆ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯದ 1961ರ ಸ್ಮಾರಕ ಕಾಯ್ದೆಯೂ ಘೋಷಿತ ಸ್ಮಾರಕಗಳನ್ನೇ ಗಮನದಲ್ಲಿಟ್ಟುಕೊಂಡದ್ದು. ಅದೇ ವರ್ಷದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪಾರಂಪರಿಕ ಕಟ್ಟಡ, ಪಾರಂಪರಿಕ ವಲಯಗಳ ಕಲ್ಪನೆ ನಂತರದ ವರ್ಷಗಳಲ್ಲಿ ಸೇರಿತು. ಮೈಸೂರಿನಲ್ಲಿ ತಜ್ಞರು ನೂರಕ್ಕೂ ಹೆಚ್ಚು ಪಾರಂಪರಿಕ ಕಟ್ಟಡಗಳನ್ನು ಗುರುತಿಸಿ ಪಟ್ಟಿ ಮಾಡಿದ್ದಾರೆ. ಜಿಲ್ಲಾ ಮಟ್ಟದಲ್ಲಿ ಪರಂಪರೆ ಸಮಿತಿಯೂ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಕಟ್ಟಡದ ಯಾವ ಭಾಗ ಮುಟ್ಟಬಾರದು, ಸುತ್ತ ಎಷ್ಟು ದೂರದವರೆಗೆ ಎಷ್ಟು ಎತ್ತರ ಮೀರಬಾರದು ಎಂಬುದು ತೀರ್ಮಾನವಾಗುವುದಿಲ್ಲ.

ಇನ್ನು ಪಾರಂಪರಿಕ ಹೋಟೆಲ್‌ಗಳಿಗೆಂದೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ನಿಯಮಗಳಿವೆ. 1950ಕ್ಕಿಂತ ಹಿಂದಿನ ಅರಮನೆ, ಕೋಟೆ, ಬಂಗಲೆಗಳಿಗೆ ಹೆರಿಟೇಜ್ ದರ್ಜೆ. 1935ಕ್ಕೂ ಹಿಂದಿನವಕ್ಕೆ ಕ್ಲಾಸಿಕ್ ಮತ್ತು ಗ್ರ್ಯಾಂಡ್ ಎಂಬ ಮೇಲಿನ ದರ್ಜೆಗಳು. ವಿಸ್ತರಣೆ ಸಾಂಪ್ರದಾಯಿಕ ಶೈಲಿಗೆ ಹೊಂದಿಕೊಂಡಿರಬೇಕು, ಹೊಸದಾಗಿ ಕಟ್ಟಿದ ಭಾಗ ಹಳೆಯದೂ ಹೊಸದೂ ಸೇರಿದ ಒಟ್ಟು ವಿಸ್ತೀರ್ಣದ ಶೇ 50ನ್ನು ಮೀರಬಾರದು ಎಂಬುದು ಅವುಗಳ ಮುಖ್ಯ ಷರತ್ತು.

ಮೇಲ್ನೋಟಕ್ಕೆ ಇದು ಸಮರ್ಪಕವಾಗಿಯೇ ತೋರುತ್ತದೆ. ಆದರೆ ಈ ನಿಯಮದಲ್ಲಿ ಮೂರು ಕೊರತೆಗಳಿವೆ. ಒಂದು, ಅರಮನೆಯಷ್ಟೇ ದೊಡ್ಡದಾದ ಇನ್ನೊಂದು ಕಟ್ಟಡವನ್ನು ಅದರ ಪಕ್ಕದಲ್ಲಿ ಎಬ್ಬಿಸಲು ಅದು ಅವಕಾಶ ಕೊಡುತ್ತದೆ. ಎರಡು, ಅದು ಅಳೆಯುವುದು ವಿಸ್ತೀರ್ಣವನ್ನು. ಎತ್ತರ, ಸ್ಥಾನ, ದೂರದ ನೋಟ ಇವುಗಳಿಗೆ ಅದರಲ್ಲಿ ಅಳತೆಗೋಲಿಲ್ಲ. ಈಜುಕೊಳ, ಹುಲ್ಲುಹಾಸುಗಳಂಥವು ಲೆಕ್ಕದಿಂದಲೇ ಹೊರಗೆ. ಮೂರು, ದರ್ಜೆ ಬೇಕೆಂದವರಿಗೆ ಮಾತ್ರ ಷರತ್ತು ಅನ್ವಯ. ದರ್ಜೆ ಬೇಡವೆಂದವರನ್ನು ಅದು ಕಟ್ಟಿಹಾಕುವುದಿಲ್ಲ.

ಇದಕ್ಕೆ ಹೋಲಿಸಿದರೆ 1964ರ ವೆನಿಸ್ ಸನ್ನದು ಹೆಚ್ಚು ವಿವೇಕದ್ದು. ಹೊಸ ಸೇರ್ಪಡೆಯು ಕಟ್ಟಡದ ಮುಖ್ಯ ಭಾಗಗಳಿಗೆ, ಅದರ ಪರಿಸರಕ್ಕೆ, ರಚನೆಯ ಸಮತೋಲಕ್ಕೆ, ಸುತ್ತಮುತ್ತಲಿನ ಜೊತೆಗಿನ ಸಂಬಂಧಕ್ಕೆ ಕುಂದು ತರುವುದಾದರೆ ಅದಕ್ಕೆ ಅವಕಾಶವಿಲ್ಲ ಎಂಬುದು ಆ ಸನ್ನದಿನ ಆಶಯ. ಹೊಸ ಕೆಲಸ ಹೊಸದೆಂದೇ ತಿಳಿಯುವಂತಿರಬೇಕು ಎಂದೂ ಅದು ಹೇಳುತ್ತದೆ. ಅಂದರೆ ಕಾಂಕ್ರೀಟಿನಲ್ಲಿ ನಕಲಿ ಕಮಾನು, ನಕಲಿ ಗುಮ್ಮಟ ಮಾಡಿ ಹಳೆಯದರಂತೆ ತೋರಿಸುವುದೂ ತಪ್ಪೇ. ನಮ್ಮಲ್ಲಿ ಹೊಂದಿಕೆ ಎಂದರೆ ನಕಲು ಎಂಬ ತಿಳಿವಳಿಕೆ ಬೇರೂರಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಹಾಸನಕ್ಕೂ ಬಂದ ಪ್ರಶ್ನೆ

ಇದು ಮೈಸೂರಿಗೆ ಸೀಮಿತವಾದ ಸಂಗತಿಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೊದಲೆರಡು ಹಾಸನ ಜಿಲ್ಲೆಯವು. ವಿಶ್ವಮಾನ್ಯತೆಯ ಬೆನ್ನಿಗೇ ತಂಗುವ ಕೋಣೆಗಳ ಬೇಡಿಕೆಯೂ ಬರುತ್ತದೆ. ದೇವಾಲಯಗಳ ಸುತ್ತ 100, 200 ಮೀಟರ್‌ಗಳ ಕಾವಲಿದೆ. ಅದರಾಚೆ ಏಳುವ ಎತ್ತರದ ಹೋಟೆಲ್‌ಗಳನ್ನು ತಡೆಯುವುದು ಸ್ಥಳೀಯ ಯೋಜನೆಯ ಕೆಲಸ. ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಂಪಿ ಉದಾಹರಣೆ. ಸೇತುವೆ ನಿರ್ಮಾಣಗಳ ಕಾರಣದಿಂದ ಅದು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, ಹೊರಬರಲು 2006ರವರೆಗೆ ಕಾಯಬೇಕಾಯಿತು.

ಅದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರ ಹುಟ್ಟೂರಾಗಿ, ಸಂಗೀತಗಾರರ ಗ್ರಾಮವೆಂದು ಹೆಸರಾದ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತಾ ಧ್ಯಾನ ಮಂದಿರ ನಿರ್ಮಾಣಗೊಂಡಿದೆ. ಅದು ಹೊಸ ಕಟ್ಟಡ, ಹಳೆಯದೆಂದು ನಟಿಸುವುದಿಲ್ಲ, ಊರಿನ ಗುರುತನ್ನೇ ತನ್ನ ರೂಪವಾಗಿಸಿಕೊಂಡಿದೆ. ಇಂಥ ಊರುಗಳಲ್ಲಿ ಹಳೆಯ ಮನೆಗಳು ಮುಂದೊಮ್ಮೆ ಅತಿಥಿಗೃಹಗಳಾಗಬಹುದು, ಹೋಂಸ್ಟೇಗಳಾಗಬಹುದು. ಜಗಲಿ ಒಡೆದು ಗಾಜಿನ ಮುಂಬಾಗಿಲು ಇಡುವ ಮೊದಲು ಯೋಚಿಸುವಂತೆ ಮಾಡುವ ನಿಯಮ ಅಲ್ಲಿ ಯಾವುದೂ ಇಲ್ಲ. ಸರ್ಕಾರದ ಕೈಯಲ್ಲೇ ಇರುವ ಅರಮನೆಗೆ ಸ್ಪಷ್ಟ ನಿಯಮ ರೂಪಿಸಲಾಗದವರು ಹಳ್ಳಿಯ ಮನೆಗಳ ಮಾಲೀಕರಿಗೆ ಬುದ್ಧಿ ಹೇಳುವುದು ಹೇಗೆ?

ಆಗಬೇಕಾದ್ದೇನು?

ಮೊದಲನೆಯದಾಗಿ, ಲಲಿತಮಹಲ್‌ಗೆ ಒಂದು ಸಮಗ್ರ ಸಂರಕ್ಷಣಾ ಯೋಜನೆ ಸಿದ್ಧವಾಗಿ ಸಾರ್ವಜನಿಕರ ಮುಂದೆ ಬರಬೇಕು. ಕಟ್ಟಡದ ಯಾವ ಭಾಗವನ್ನು ಎಂದಿಗೂ ಬದಲಿಸುವಂತಿಲ್ಲ, ಯಾವುದನ್ನು ಷರತ್ತಿನ ಮೇಲೆ ಬದಲಿಸಬಹುದು, ಯಾವುದರಲ್ಲಿ ನಿರ್ವಹಣೆಗಾರರಿಗೆ ಪೂರ್ಣ ಸ್ವಾತಂತ್ರ್ಯ ಎಂಬುದನ್ನು ಅದು ಕೋಣೆ ಕೋಣೆಗೂ ಗುರುತಿಸಬೇಕು. ಹೀಗೆ ಮಾಡಿದರೆ ಹೋಟೆಲ್ ನಡೆಸುವವರಿಗೂ ಅನುಕೂಲ. ಪ್ರತಿ ಕೆಲಸಕ್ಕೂ ಹೊಸದಾಗಿ ಅನುಮತಿಗೆ ಅಲೆಯುವ, ಹೊಸದಾಗಿ ಪ್ರತಿಭಟನೆ ಎದುರಿಸುವ ಕಷ್ಟ ತಪ್ಪುತ್ತದೆ.

ಎರಡನೆಯದಾಗಿ, ಆ ಯೋಜನೆ ಹಣದ ಮಾತಿಗಿಂತ ಮೊದಲು ಬರಬೇಕು. ಮುಂದೆ ಗುತ್ತಿಗೆ, ಖಾಸಗಿ ಸಹಭಾಗಿತ್ವ, ಅನುದಾನ ಯಾವುದೇ ರೂಪದಲ್ಲಿ ಬಂಡವಾಳ ಬಂದರೂ ಟೆಂಡರ್ ದಾಖಲೆಯಲ್ಲೇ ಈ ಷರತ್ತುಗಳು ಸೇರಿರಬೇಕು. ಒಪ್ಪಂದವಾದ ಮೇಲೆ ಷರತ್ತು ಹಾಕಹೊರಟರೆ ಅದು ನ್ಯಾಯಾಲಯದಲ್ಲಿ ಕೊನೆಗೊಳ್ಳುತ್ತದೆ.

ಮೂರನೆಯದಾಗಿ, ಹೊಸ ಕೋಣೆಗಳು ಬೇಕೇ ಆದರೆ ಅವಕ್ಕೆ ಅಳತೆಗೋಲು ಇರಬೇಕು. ಮುಂಭಾಗದಿಂದ, ನಗರದ ಕಡೆಯ ರಸ್ತೆಯಿಂದ, ಬೆಟ್ಟದ ಮೇಲಿನಿಂದ ನೋಡಿದಾಗ ಗುಮ್ಮಟದ ರೇಖೆಯನ್ನು ಅವು ಕತ್ತರಿಸಬಾರದು. ಹಳೆಯ ಗೋಡೆಗೆ ಅಂಟದೆ ಬೇರೆಯಾಗಿ ನಿಲ್ಲಬೇಕು, ಅರಮನೆಗಿಂತ ತಗ್ಗಿರಬೇಕು, ಒಂದು ದಿನ ಬೇಡವೆನಿಸಿದರೆ ಹಳೆಯದಕ್ಕೆ ಗಾಯವಾಗದಂತೆ ತೆಗೆದುಹಾಕುವಂತಿರಬೇಕು. ಆಕಾರ ಕಂಬ ನೆಟ್ಟು ಬಟ್ಟೆ ಕಟ್ಟಿ ಎತ್ತರ ತೋರಿಸಿದರೂ ಸಾಕು, ಎಷ್ಟು ಮರೆಯಾಗುತ್ತದೆಂದು ಯಾರು ಬೇಕಾದರೂ ನೋಡಿ ಹೇಳಬಹುದು.

ನಾಲ್ಕನೆಯದಾಗಿ, ಸುತ್ತಲಿನ ಬಯಲನ್ನೂ ಮರಗಳನ್ನೂ ಅರಮನೆಯ ಭಾಗವೆಂದು ಅಧಿಕೃತವಾಗಿ ಘೋಷಿಸಬೇಕು. 2021ರ ಹೆಲಿ ಟೂರಿಸಂ ಯೋಜನೆ, 2022ರಲ್ಲಿ ಮುಂದಿಟ್ಟು ಕೈಬಿಟ್ಟ ಚಾಮುಂಡಿ ಬೆಟ್ಟದ ರೋಪ್‌ವೇ ಪ್ರಸ್ತಾವ ಇವೆರಡೂ ಇದೇ ನೋಟದ ಮೇಲೆ ಕಣ್ಣಿಟ್ಟಿದ್ದವು. ಕೈಬಿಟ್ಟ ಪ್ರಸ್ತಾವಗಳು ಹೆಸರು ಬದಲಿಸಿ ಮರಳಿ ಬರುವುದು ನಮ್ಮ ಆಡಳಿತದಲ್ಲಿ ಹೊಸತೇನಲ್ಲ. ಪ್ರತಿ ಸಲವೂ ಸಾವಿರಾರು ಜನ ಪತ್ರ ಬರೆಯುತ್ತಾರೆಂದು ನಂಬಿ ಕೂರಲಾಗದು.

ಕೊನೆಯದಾಗಿ, ಒಬ್ಬರು ಹೊಣೆ ಹೊರಬೇಕು. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಕಿಟಕಿಯಿಂದ ಹಿಡಿದು ಹೊಸ ಕಟ್ಟಡದವರೆಗೆ ಎಲ್ಲ ಕಡತಗಳೂ ಅಲ್ಲಿನ ಸಂರಕ್ಷಣಾ ತಜ್ಞರ ಕಣ್ಣಿಗೆ ಬಿದ್ದೇ ಮುಂದೆ ಹೋಗುವ ವ್ಯವಸ್ಥೆ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಸರ್ಕಾರ ತನ್ನದೇ ಕಟ್ಟಡಕ್ಕೆ ತಾನೇ ಹಾಕಿಕೊಳ್ಳುವ ಕಟ್ಟುಪಾಡು ಅದು. ಒಂದು ಆದೇಶ ಸಾಕು.

ಖಾಸಗಿ ಮಾಲೀಕರ ಆಸ್ತಿಯ ವಿಷಯದಲ್ಲಿ ಸರ್ಕಾರಕ್ಕೆ ಹಕ್ಕು, ಪರಿಹಾರ ಇತ್ಯಾದಿ ತೊಡಕುಗಳಿರುತ್ತವೆ. ಲಲಿತಮಹಲ್ ವಿಷಯದಲ್ಲಿ ಆ ನೆಪವಿಲ್ಲ. ನಿರ್ವಹಣೆ ಸರ್ಕಾರದ್ದು, ನಿಯಮ ಮಾಡುವ ಅಧಿಕಾರ ಸರ್ಕಾರದ್ದು, ತಜ್ಞರೂ ಸರ್ಕಾರದವರೇ. ಇಲ್ಲಿ ಸರಿಯಾದ ಮಾದರಿ ನಿರ್ಮಾಣವಾದರೆ ನಾಳೆ ಬೆಂಗಳೂರಿನ ಬಂಗಲೆಗೂ ಹಾಸನದ ಹಳ್ಳಿಮನೆಗೂ ಅದನ್ನೇ ತೋರಿಸಿ ಹೇಳಬಹುದು. ಕಾಮಗಾರಿ ಪೂರ್ಣಗೊಂಡು ನೂರು ವರ್ಷವಾಗುವ 2031 ದೂರವೇನಿಲ್ಲ. ಮುಂದಿನ ಕಡತ ಯಾವುದೋ ಮೇಜಿಗೆ ಬರುವ ಮೊದಲು ಈ ಕೆಲಸ ಮುಗಿಯುವುದು ಒಳಿತು.